ಶಿಬ್‌ಪುರಕ್ಕೆ ಎರಡು ಹುಟ್ಟುಹಬ್ಬ

ಹೌರಾ ನಿಲ್ದಾಣದ ಹೊರಗೆ ಐವತ್ತೈದನೇ ನಂಬರಿನ ಬಸ್ಸು ಜನ ತುಂಬುವ ತನಕ ಕದಲುವುದಿಲ್ಲ. ಕಂಡಕ್ಟರ್ ಬಾಗಿಲ ತಗಡಿಗೆ ಅಂಗೈ ಬಡಿಯುತ್ತ ‘ಬಿ ಗಾರ್ಡನ್, ಬಿ ಗಾರ್ಡನ್’ ಎಂದು ಬೊಟಾನಿಕಲ್ ಗಾರ್ಡನ್ನಿನ ಹೆಸರು ಕೂಗುತ್ತಲೇ ಇರುತ್ತಾನೆ. ಹೊರಟಿತೆಂದರೆ ಹೌರಾ ಮೈದಾನ, ಜಿ.ಟಿ. ರಸ್ತೆ, ಕಾಜಿಪಾಡಾ. ಹೂಗ್ಲಿ ನದಿಯ ಕಡೆಗೆ ಸೆಣಬಿನ ಗಿರಣಿಗಳ ಹಳೆಯ ಇಟ್ಟಿಗೆ ಗೋಡೆ, ರಸ್ತೆಯ ಅಂಚಿಗೆ ಸೈಕಲ್ ರಿಕ್ಷಾ, ಮೀನಿನ ಬುಟ್ಟಿ, ಮಣ್ಣಿನ ಲೋಟದಲ್ಲಿ ಚಹಾ. ಟ್ರಾಮು ನಿಂತು ಐದು ದಶಕವಾದರೂ ಒಂದು ನಿಲ್ದಾಣಕ್ಕೆ ಇವತ್ತಿಗೂ ಶಿಬ್‌ಪುರ ಟ್ರಾಮ್ ಡಿಪೋ ಎಂದೇ ಹೆಸರು. ಅದು ದಾಟಿ ಇನ್ನಷ್ಟು ದೂರ ಹೋದಮೇಲೆ ಕಂಡಕ್ಟರ್ ಕೂಗುತ್ತಾನೆ: ‘ಬಿ.ಇ. ಕಾಲೇಜ್, ಫಸ್ಟ್ ಗೇಟ್!’

ಗೇಟಿನ ಮೇಲೆ ಬಿ.ಇ. ಕಾಲೇಜ್ ಎಂದಿಲ್ಲ. 2014ರಿಂದ ಅದು ಭಾರತೀಯ ಎಂಜಿನಿಯರಿಂಗ್ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ, ರಾಷ್ಟ್ರೀಯ ಮಹತ್ವದ ಸಂಸ್ಥೆ. ಅದಕ್ಕೆ ಮೊದಲು ಹತ್ತು ವರ್ಷ ವಿಶ್ವವಿದ್ಯಾಲಯ, ಅದಕ್ಕೂ ಮೊದಲು 1992ರಿಂದ ಡೀಮ್ಡ್ ವಿಶ್ವವಿದ್ಯಾಲಯ. ಊರಿನ ಬಾಯಲ್ಲಿ ಉಳಿದದ್ದು 1921ರ ಹೆಸರು, ಬೆಂಗಾಲ್ ಎಂಜಿನಿಯರಿಂಗ್ ಕಾಲೇಜು.

ಇದರ ಹುಟ್ಟು ಇಲ್ಲಿ ಆದದ್ದಲ್ಲ. ರೈಲು, ಕಾಲುವೆ, ರಸ್ತೆ ಹಾಕಲು ಕಂಪನಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಜನ ಬೇಕಾಗಿದ್ದರು. ಆ ಕಾರಣಕ್ಕೆ 1856ರ ನವೆಂಬರ್ 24ರಂದು ನದಿಯ ಆಚೆ ದಡದ, ಕಲ್ಕತ್ತೆಯ ರೈಟರ್ಸ್ ಬಿಲ್ಡಿಂಗ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಕಲ್ಕತ್ತಾ ವಿಶ್ವವಿದ್ಯಾಲಯಕ್ಕಿಂತ ಎರಡು ತಿಂಗಳು ಹಿರಿದು. ಒಂದಷ್ಟು ಕಾಲ ಪ್ರೆಸಿಡೆನ್ಸಿ ಕಾಲೇಜಿನ ಒಂದು ವಿಭಾಗವಾಗಿ ಬದುಕಿ, 1880ರಲ್ಲಿ ಹೂಗ್ಲಿ ದಾಟಿ ಶಿಬ್‌ಪುರಕ್ಕೆ ಬಂತು. ಹಾಗಾಗಿ 2031ಕ್ಕೆ ಸಂಸ್ಥೆಗೆ 175, ಶತಮಾನೋತ್ತರ ಅಮೃತ ಮಹೋತ್ಸವ. ಅದಕ್ಕೆ ಒಂದು ವರ್ಷ ಮೊದಲು, 2030ಕ್ಕೆ, ಶಿಬ್‌ಪುರದ ನೆಲಕ್ಕೆ ಬಂದು 150. ನನ್ನ ಮನಸ್ಸು ನಿಂತಿರುವುದು ಈ ಎರಡನೆಯ ಲೆಕ್ಕದ ಮೇಲೆ. ದೊಡ್ಡ ಸಂಖ್ಯೆಯ ನೆರಳಿನಲ್ಲಿ ಅದು ಕಳೆದುಹೋಗಬಾರದು.

ಒಳಗೆ ನಡೆದರೆ ಮೊದಲು ಕಣ್ಣಿಗೆ ಬೀಳುವುದು ಗಡಿಯಾರ ಗೋಪುರ. ಅದರ ಸುತ್ತ ಕಮಾನು ಕಿಟಕಿಗಳ ಹಳೆಯ ಕಟ್ಟಡಗಳು, ಓವಲ್ ಎಂದು ಕರೆಯುವ ಹಸಿರು ಮೈದಾನ. ಕಲ್ಕತ್ತೆಯ ಮೊದಲ ಆಂಗ್ಲಿಕನ್ ಬಿಷಪ್ ಥಾಮಸ್ ಮಿಡಲ್ಟನ್ 1820ರಲ್ಲಿ ಬೊಟಾನಿಕಲ್ ಗಾರ್ಡನ್ನಿನ ಮಗ್ಗುಲಲ್ಲಿ ಬಿಷಪ್ಸ್ ಕಾಲೇಜಿಗೆ ಅಡಿಗಲ್ಲು ಹಾಕಿದ್ದು ಈ ಜಾಗದಲ್ಲಿ. ಮೈಕೆಲ್ ಮಧುಸೂದನ ದತ್ತ ಓದಿದ್ದು ಅಲ್ಲಿಯೇ. ಪಾದ್ರಿಗಳನ್ನು ತಯಾರು ಮಾಡಲು ಎದ್ದ ಗೋಡೆಗಳ ಒಳಗೆ ಅರವತ್ತು ವರ್ಷದ ಮೇಲೆ ಥಿಯೋಡಲೈಟು, ಸರಪಳಿ, ನಕ್ಷೆಯ ಹಲಗೆ ಬಂದವು. ಮಹೋತ್ಸವದ ಪ್ರದರ್ಶನಕ್ಕೆ ಬೇರೆ ಸಭಾಂಗಣ ಯಾಕೆ? ಈ ಹಳೆಯ ಕೋಣೆಗಳ ಬೀಗ ತೆಗೆದು, ದೀಪ ಹಾಕಿ, ಊರಿನವರಿಗೆ ಬಿಟ್ಟುಕೊಟ್ಟರೆ ಸಾಕು.

ವಿದ್ಯಾರ್ಥಿನಿಲಯಗಳ ಸಾಲಿನಲ್ಲಿ ಹೋಗುವಾಗ ಹೆಸರುಗಳನ್ನು ಓದುತ್ತ ಹೋಗಬೇಕು. ಡೌನಿಂಗ್, ಸ್ಲೇಟರ್, ರಿಚರ್ಡ್‌ಸನ್, ವೂಲ್ಫೆಂಡನ್, ಮ್ಯಾಕ್‌ಡೊನಾಲ್ಡ್; ಆಮೇಲೆ ಪಾಂಡ್ಯ, ಸೇನ್, ಸೇನ್‌ಗುಪ್ತಾ. ಗಂಡಸರದೇ ಹೆಸರುಗಳು, ಗಂಡುಮಕ್ಕಳಿಗೇ ಕಟ್ಟಿದ ಮನೆಗಳು. 1947ರಲ್ಲಿ ಇಲಾ ಮಜುಂದಾರ್ ಇಲ್ಲಿಗೆ ಬಂದು ಸೇರಿದಾಗ ಪುಸ್ತಕ ಹಿಡಿದು ಗೋಪುರದ ಕೆಳಗೆ ಹಾದುಹೋದ ಆ ನಡಿಗೆ ಹೇಗಿದ್ದಿರಬಹುದೋ! 1951ರಲ್ಲಿ ಮೆಕ್ಯಾನಿಕಲ್ ಎಂಜಿನಿಯರ್ ಆಗಿ ಹೊರಬಿದ್ದರು, ಬಂಗಾಳದ ಮೊದಲ ಮಹಿಳಾ ಎಂಜಿನಿಯರ್. ತರಬೇತಿಗೆ ಗ್ಲಾಸ್ಗೋ ತನಕ ಹೋದರು. ಸ್ವಾಗತ ಸಮಿತಿಯ ಮೊದಲ ಸಭೆ ಕೂರುವ ದಿನವೇ ಅವರ ಹೆಸರು ಮೇಜಿನ ಮೇಲೆ ಇರಲಿ. ಮಹಿಳಾ ಗೋಷ್ಠಿ ಎಂದು ಮೂರನೇ ದಿನದ ಮಧ್ಯಾಹ್ನ ಊಟದ ನಂತರದ ಹೊತ್ತಿಗೆ ತಳ್ಳುವ ಪದ್ಧತಿ ನಮ್ಮ ಕಡೆಯೂ ಇದೆ. ಅದು ಇಲ್ಲಿ ನಡೆಯಕೂಡದು.

ಕಬ್ಬಿಣ, ಕಾಂಕ್ರೀಟು ಕಲಿಸುವ ಈ ಅಂಗಳ ಸಾಹಿತ್ಯಕ್ಕೆ ಕೊಟ್ಟದ್ದು ಕಡಿಮೆಯಲ್ಲ. ಮೆಕ್ಯಾನಿಕಲ್ ಓದಿದ ಬಿನಯ್ ಮಜುಂದಾರ್ ಬಂಗಾಳಿಯ ಬಹುದೊಡ್ಡ ಕವಿಗಳಲ್ಲೊಬ್ಬರು. ಸಿವಿಲ್ ಓದಿ ನಗರ ಯೋಜನೆಯ ಕೆಲಸಕ್ಕೆ ಇಂಗ್ಲೆಂಡು, ನೈಜೀರಿಯಾ ಸುತ್ತಿದ ಬಾದಲ್ ಸರ್ಕಾರ್ ಇಲ್ಲಿಯವರೇ. ಅವರ ‘ಏವಂ ಇಂದ್ರಜಿತ್’ ನಾಟಕವನ್ನು ಇಂಗ್ಲಿಷಿಗೆ ತಂದವರು ನಮ್ಮ ಗಿರೀಶ ಕಾರ್ನಾಡರು. ಪರದೆ, ಎತ್ತರದ ರಂಗ, ಟಿಕೆಟ್ಟಿನ ಕುರ್ಚಿ ಎಲ್ಲ ಬಿಟ್ಟು ಜನರ ನಡುವೆಯೇ ನಿಂತು ಆಡುವ ನಾಟಕವನ್ನು ಬಾದಲ್ ಸರ್ಕಾರ್ ಕಟ್ಟಿದರು. ಹಾಗಿರುವಾಗ ಓವಲ್ ಮೈದಾನದಲ್ಲಿ ಹತ್ತಡಿ ಎತ್ತರದ ವೇದಿಕೆ ಹಾಕಿ, ಮುಂದಿನ ಸಾಲಿಗೆ ಸೋಫಾ ಹಾಸಿ, ಹಳೆಯ ವಿದ್ಯಾರ್ಥಿಗಳನ್ನು ಹಗ್ಗದ ಹಿಂದೆ ನಿಲ್ಲಿಸುವುದು ನನಗೆ ಒಪ್ಪಿಗೆಯಲ್ಲ. ಹುಲ್ಲಿನ ಮೇಲೆ ಸುತ್ತ ಕೂತು ನೋಡುವ ನಾಟಕ ಇರಲಿ. ನವೆಂಬರ್ ಕೊನೆಯ ಬಿಸಿಲು ಹೌರಾದಲ್ಲಿ ಹಿತವಾಗಿರುತ್ತದೆ. ಹೊಸ ಖರ್ಜೂರದ ಬೆಲ್ಲ, ಅವರ ನೊಲೆನ್ ಗುಡ್, ಸಂದೇಶಕ್ಕೆ ಸೇರಲು ಶುರುವಾಗುವ ದಿನಗಳೂ ಅವೇ. ಊಟದ ಪಟ್ಟಿ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ಸಿಗದು.

ಆಮಂತ್ರಣದ ವಿಷಯ ಸೂಕ್ಷ್ಮ. ಶಿಕಾಗೋದ 110 ಮಹಡಿಯ ಸಿಯರ್ಸ್ ಗೋಪುರದ ರಚನೆ ರೂಪಿಸಿದ ಫಜ್ಲುರ್ ರಹಮಾನ್ ಖಾನ್ ಇಲ್ಲಿ ಓದುತ್ತಿದ್ದವರು. ವಿಭಜನೆಯ ಮೇಲಿನ ಗಲಭೆಗಳಲ್ಲಿ ಢಾಕಾಕ್ಕೆ ಮರಳಿ ಅಲ್ಲಿ ಪದವಿ ಮುಗಿಸಿದರು. ಗಡಿ ಎಳೆಯುವ ಮೊದಲು ಪದ್ಮಾ ನದಿಯ ಆಚೆಯ ಹುಡುಗರಿಗೂ ಇದು ತಮ್ಮದೇ ಕಾಲೇಜು. ಅವರ ಮಕ್ಕಳು, ಮೊಮ್ಮಕ್ಕಳು ಈಗ ಬೇರೆ ದೇಶದವರು. ಹಳೆಯ ವಿದ್ಯಾರ್ಥಿಗಳ ಸಂಘದ ವಿಳಾಸ ಪಟ್ಟಿ ಅಮೆರಿಕ ತಲುಪುವುದು ಸುಲಭ. ಮಯ್ಮನ್‌ಸಿಂಗ್, ಫರೀದ್‌ಪುರ ತಲುಪಲು ಹಳೆಯ ದಾಖಲಾತಿ ಪುಸ್ತಕಗಳನ್ನು ಒಂದೊಂದೇ ಪುಟ ತಿರುವಬೇಕಾಗುತ್ತದೆ. ಆ ಕೆಲಸಕ್ಕೆ ಎರಡು ವರ್ಷ, ತಾಳ್ಮೆಯ ನಾಲ್ಕು ವಿದ್ಯಾರ್ಥಿಗಳು ಬೇಕು. ನನ್ನ ಕೈಯಲ್ಲಿದ್ದರೆ ಆಯವ್ಯಯದ ಮೊದಲ ಕಂತು ಅದಕ್ಕೇ.

ಕನ್ನಡದವನಾದ ನನಗೆ ಇದರಲ್ಲಿ ಏನು ಆಸ್ಥೆ ಎಂದು ಕೇಳಿದರೆ, ಇದೆ. ಮೈಸೂರು ವಿಶ್ವವಿದ್ಯಾಲಯದ ಮೊದಲ ಘಟಿಕೋತ್ಸವ ಭಾಷಣ ಮಾಡಿದವರು ಕಲ್ಕತ್ತೆಯ ಆಶುತೋಷ್ ಮುಖರ್ಜಿ, 1918ರಲ್ಲಿ. ಬ್ರಜೇಂದ್ರನಾಥ ಸೀಲರು 1930ರ ತನಕ ಅದರ ಕುಲಪತಿಗಳಾಗಿ ಮೈಸೂರನ್ನು ಬೆಳೆಸಿದರು. ನಮ್ಮ ವಿಶ್ವೇಶ್ವರಯ್ಯನವರು ಎಂಜಿನಿಯರಿಂಗ್ ಕಲಿತದ್ದು ಪುಣೆಯಲ್ಲಿ, 1854ರಲ್ಲಿ ಶುರುವಾದ, ಶಿಬ್‌ಪುರಕ್ಕಿಂತ ಎರಡೇ ವರ್ಷ ಹಿರಿಯ ಸಂಸ್ಥೆಯಲ್ಲಿ. ಮೈಸೂರು ತನ್ನ ನೂರು ತುಂಬಿಸಿಕೊಂಡಿದೆ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಯುವಿಸಿಇ ಕೂಡ. ಇಲ್ಲಿನ ತಯಾರಿ ನೋಡಿ ಕಲಿಯುವುದು ನಮಗೂ ಇದೆ.

ಇನ್ನು ಗೋಡೆಯ ಹೊರಗಿನ ಹೌರಾ. 1854ರ ಆಗಸ್ಟ್ 15ರಂದು ಪೂರ್ವ ಭಾರತದ ಮೊದಲ ರೈಲು ಇಲ್ಲಿಂದ ಹೂಗ್ಲಿ ಪಟ್ಟಣಕ್ಕೆ ಹೊರಟಿತು, ಕಾಲೇಜು ಹುಟ್ಟುವ ಎರಡು ವರ್ಷ ಮೊದಲೇ. ರೈಲಿನ ಹಿಂದೆಯೇ ಎರಕದ ಮನೆಗಳು, ಲೇತ್ ಅಂಗಡಿಗಳು ಬಂದವು. ಪೂರ್ವದ ಶೆಫೀಲ್ಡ್ ಎಂಬ ಹೆಸರೂ ಬಂತು. ಬೆಲಿಲಿಯಸ್ ರಸ್ತೆಯಲ್ಲಿ ಇವತ್ತಿಗೂ ಕಬ್ಬಿಣದ ಸುರುಳಿ ಹೊಟ್ಟು ಕಾಲಿಗೆ ಚುಚ್ಚುತ್ತದೆ, ಗ್ರೀಸಿನ ವಾಸನೆ ಅಂಗಿಗೆ ಹತ್ತುತ್ತದೆ. ಹೌರಾದಲ್ಲಿ ಎರಕಗೊಂಡ ಮ್ಯಾನ್‌ಹೋಲ್ ಮುಚ್ಚಳಗಳು ಕಡಲಾಚೆಯ ಶಹರಗಳ ಬೀದಿಯಲ್ಲಿ ಬಿದ್ದಿವೆ. ಕಾಲೇಜಿನ ಒಳಗೆ ಎರಕದ ಪಾಠ ನಡೆಯುತ್ತದೆ. ಬಸ್ಸಿನ ದೂರದಲ್ಲಿ, ಕಾಲೇಜಿನ ಮೆಟ್ಟಿಲು ಹತ್ತದ ಮಿಸ್ತ್ರಿಗಳು ಅದೇ ಎರಕ ಹೊಯ್ಯುತ್ತಾರೆ. 2030ರ ಹಬ್ಬ ಈ ಇಬ್ಬರಿಗೂ ಸೇರಿದ್ದಾಗಬೇಕು. ಎರಡೂ ಹುಟ್ಟುಹಬ್ಬಕ್ಕೆ ಒಂದೇ ತಾರೀಕು, ಒಬ್ಬ ಮುಖ್ಯ ಅತಿಥಿ ಸಾಕು, ಖರ್ಚೂ ಉಳಿಯುತ್ತದೆ ಎನ್ನುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಊರಿನ ಹಬ್ಬಕ್ಕೆ ಶಾಮಿಯಾನದ ಖರ್ಚು ಬೇಕಾಗಿಲ್ಲ, ಗೇಟು ತೆರೆದಿದ್ದರೆ ಆಯಿತು.

ಸ್ಮಾರಕ ಫಲಕವಂತೂ ಗ್ರಾನೈಟಿನದು ಬೇಡ. ಎರಕದ ಕಬ್ಬಿಣದ್ದಿರಲಿ, ಹೌರಾದ ಮಿಸ್ತ್ರಿಗಳೂ ವಿದ್ಯಾರ್ಥಿಗಳೂ ಕೂಡಿ ಮಾಡಿದ್ದಿರಲಿ. ಮರದ ಮಾದರಿ ಕೆತ್ತಬೇಕು, ಮರಳಿನಲ್ಲಿ ಅಚ್ಚು ಒತ್ತಬೇಕು, ಅಕ್ಷರದ ಅಂಚು ಮುರಿಯದಂತೆ ಮಾದರಿಯನ್ನು ಎತ್ತಬೇಕು; ಮೊದಲ ಎರಕ ಕೆಟ್ಟರೆ ಕರಗಿಸಿ ಮತ್ತೆ ಹೊಯ್ಯಬೇಕು. ಹಾಗಾಗಿ ಕೆಲಸ 2029ರ ಚಳಿಗಾಲದಲ್ಲೇ ಶುರುವಾಗಬೇಕು, ಉದ್ಘಾಟಿಸುವ ಮಂತ್ರಿ ಯಾರೆಂದು ಗೊತ್ತಾಗುವ ಮೊದಲೇ. ಫಲಕದ ಮೇಲೆ ಎರಕ ಹೊಯ್ದವರ ಹೆಸರುಗಳಿಗೆ ಎರಡು ಸಾಲು ಜಾಗ ಬಿಟ್ಟು ಮಾದರಿ ಕೆತ್ತಲಿ.