ಫೋಲ್ಡರಿಗೊಂದು ಬಣ್ಣ

ಅಜ್ಜಿಯ 80ನೇ ಹುಟ್ಟುಹಬ್ಬದ ಆ ಒಂದು ಫೋಟೊ ಬೇಕು. ಲ್ಯಾಪ್‌ಟಾಪ್‌ನಲ್ಲೇ ಇದೆ, ಗೊತ್ತು. ಆದರೆ ಎಲ್ಲಿ? 'ನ್ಯೂ ಫೋಲ್ಡರ್', 'ನ್ಯೂ ಫೋಲ್ಡರ್ 2', 'ವಾಟ್ಸಾಪ್ ಎಲ್ಲಾ'... ಹುಡುಕಿ ಹುಡುಕಿ ಸುಸ್ತು.

ಬಣ್ಣ ಹಚ್ಚಿ ನೋಡಿ. ಮದುವೆಗೆ ಕೆಂಪು, ಪ್ರವಾಸಕ್ಕೆ ನೀಲಿ ಅಂತ ಹಂಚೋಕೆ ಹೋಗಬೇಡಿ. ವಿಷಯ ನೂರಾರು, ಮ್ಯಾಕ್‌ನ ಫೈಂಡರ್ ಕೊಡುವ ಟ್ಯಾಗ್ ಬಣ್ಣ ಏಳೇ. ಕೆಲಸ ಎಲ್ಲಿಗೆ ಬಂತು ಅನ್ನೋದನ್ನ ಬಣ್ಣ ಹೇಳಲಿ. ಕೆಂಪು ಅಂದರೆ ಫೋನಿಂದ ಇಳಿಸಿದ್ದಷ್ಟೇ, ಇನ್ನೂ ಮುಟ್ಟಿಲ್ಲ. ಹಳದಿ ಅಂದರೆ ಮಸುಕಾದವು, ಎರಡೆರಡು ಸಲ ಬಂದವು ಎಲ್ಲ ಅಳಿಸಿ ಆಗಿದೆ. ಹಸಿರು? ಬೇರೆ ಹಾರ್ಡ್ ಡಿಸ್ಕ್‌ಗೂ ಒಂದು ಪ್ರತಿ ಹೋಗಿದೆ. ನನಗಂತೂ ಹಸಿರು ಕಂಡರೇ ನೆಮ್ಮದಿ.

ಮ್ಯಾಕ್‌ನಲ್ಲಿ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಬಣ್ಣದ ಚುಕ್ಕಿ ಒತ್ತಿ. ಗೂಗಲ್ ಡ್ರೈವ್‌ನಲ್ಲೂ ರೈಟ್ ಕ್ಲಿಕ್ಕಿಂದಲೇ ಬಣ್ಣ ಬದಲಿಸಬಹುದು. ವಿಂಡೋಸ್‌ನಲ್ಲಾದರೆ ಪ್ರಾಪರ್ಟೀಸ್, ಕಸ್ಟಮೈಸ್‌ಗೆ ಹೋಗಿ ಐಕಾನನ್ನೇ ಬದಲಿಸಬೇಕು.

ಒಂದು ಎಚ್ಚರ. ಮ್ಯಾಕ್‌ನಲ್ಲಿ ಹಚ್ಚಿದ ಬಣ್ಣ ವಿಂಡೋಸ್‌ನಲ್ಲಿ ಕಾಣಲ್ಲ. ಹಾಗಾಗಿ ಹೆಸರು ಸರಿಯಾಗಿ ಇಡಿ: '2024-11 ಅಜ್ಜಿ 80'. ವರ್ಷ, ತಿಂಗಳು ಮೊದಲಿದ್ದರೆ ಫೋಲ್ಡರ್‌ಗಳು ತಾವೇ ಸಾಲಾಗಿ ನಿಲ್ಲುತ್ತವೆ.