‘ಕಾಸಾಬ್ಲಾಂಕಾ’ದ ಹಂಗೇರಿಯನ್

ಪ್ರಶ್ನೆ: ‘ಕಾಸಾಬ್ಲಾಂಕಾ’ ನಿರ್ದೇಶಿಸಿದ ಮೈಕೆಲ್ ಕರ್ಟಿಝ್ ಅಮೆರಿಕದವರಲ್ಲವಂತೆ, ನಿಜವೇ?

ಉತ್ತರ: ನಿಜ. 1886ರಲ್ಲಿ ಬುಡಾಪೆಸ್ಟಿನ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದವರು. ಆಗಿನ ಹೆಸರು ಮನೋ ಕಾಮಿನರ್. ರಂಗಭೂಮಿಯಿಂದ ಸಿನಿಮಾಕ್ಕೆ ಬಂದು, 1919ರ ರಾಜಕೀಯ ಗಲಭೆಯಲ್ಲಿ ದೇಶ ಬಿಟ್ಟು ವಿಯೆನ್ನಾ ಸೇರಿದರು. ಅಲ್ಲಿ ತೆಗೆದ ಅದ್ಧೂರಿ ಮೂಕಿಚಿತ್ರಗಳು ವಾರ್ನರ್ ಸಹೋದರರ ಕಣ್ಣಿಗೆ ಬಿದ್ದು, 1926ರಲ್ಲಿ ಹಾಲಿವುಡ್‌ಗೆ ಕರೆ ಬಂತು.

‘ಕಾಸಾಬ್ಲಾಂಕಾ’ (1942) ಚಿತ್ರೀಕರಣ ಶುರುವಾದಾಗ ಚಿತ್ರಕಥೆಯೇ ಮುಗಿದಿರಲಿಲ್ಲ. ನಾಯಕಿ ಕೊನೆಗೆ ಯಾರ ಜತೆ ಹೋಗುತ್ತಾಳೆಂಬುದು ಆ ಪಾತ್ರ ಮಾಡಿದ ಇಂಗ್ರಿಡ್ ಬರ್ಗ್‌ಮನ್‌ಗೂ ಗೊತ್ತಿರಲಿಲ್ಲ. ಕೊನೆಯ ವಿಮಾನ ನಿಲ್ದಾಣದ ದೃಶ್ಯ ಇನ್ನೊಮ್ಮೆ ನೋಡಿ: ಹಿಂದೆ ನಿಂತಿರುವ ವಿಮಾನ ಸ್ಟುಡಿಯೋದೊಳಗೆ ಮಾಡಿದ ಕಿರುಗಾತ್ರದ ಮಾದರಿ. ಅದು ದೊಡ್ಡದಾಗಿ ಕಾಣಲೆಂದು ಸುತ್ತ ಕುಳ್ಳಗಿನವರನ್ನು ಓಡಾಡಿಸಿ, ಉಳಿದ ಕೊರತೆಯನ್ನು ಕೃತಕ ಮಂಜಿನಿಂದ ಮುಚ್ಚಿದರು. ಈ ಚಿತ್ರಕ್ಕೇ ಅವರಿಗೆ ಶ್ರೇಷ್ಠ ನಿರ್ದೇಶಕ ಆಸ್ಕರ್ ಸಿಕ್ಕಿತು.

ಸೆಟ್‌ನಲ್ಲಿ ಮಾತ್ರ ಮಹಾ ಮುಂಗೋಪಿ. ಇಂಗ್ಲಿಷಂತೂ ಕೊನೆವರೆಗೂ ಹರಕುಮುರುಕು. ಸವಾರರಿಲ್ಲದ ಕುದುರೆ ಬಿಡಿ ಎನ್ನಲು ‘ಖಾಲಿ ಕುದುರೆ ತನ್ನಿ’ ಎಂದು ಕೂಗಿದ್ದನ್ನು ನಟ ಡೇವಿಡ್ ನಿವೆನ್ ತಮ್ಮ ಪುಸ್ತಕಕ್ಕೆ ಹೆಸರಾಗಿಸಿಕೊಂಡರು. ಹಾಗೆ ಕೂಗಿದ್ದು ‘ದ ಚಾರ್ಜ್ ಆಫ್ ದ ಲೈಟ್ ಬ್ರಿಗೇಡ್’ (1936) ಚಿತ್ರೀಕರಣದಲ್ಲಿ; ಅದೇ ಚಿತ್ರಕ್ಕಾಗಿ ತಂತಿ ಕಟ್ಟಿ ಕುದುರೆಗಳನ್ನು ಕೆಡವಿದರು, ಹಲವು ಸತ್ತವು. ಇದನ್ನು ನಗೆಯಲ್ಲಿ ತೇಲಿಸಿಬಿಡುವುದು ನನಗೆ ಒಪ್ಪಿಗೆಯಿಲ್ಲ.

ಎರೋಲ್ ಫ್ಲಿನ್‌ನನ್ನು ತಾರೆಯಾಗಿಸಿದ ‘ಕ್ಯಾಪ್ಟನ್ ಬ್ಲಡ್’, ಜೋನ್ ಕ್ರಾಫರ್ಡ್‌ಗೆ ಆಸ್ಕರ್ ತಂದ ‘ಮಿಲ್ಡ್ರೆಡ್ ಪಿಯರ್ಸ್’ ಕೂಡ ಇವರವೇ. ನೀವು ಮುಂದೆ ನೋಡುವುದಿದ್ದರೆ ಎರಡನೆಯದನ್ನೇ ನೋಡಿ. ಕೊನೆಯ ಚಿತ್ರ ತೆರೆಕಂಡದ್ದು 1961ರಲ್ಲಿ, ಮರುವರ್ಷ ತೀರಿಕೊಂಡರು.