ಒಲೆ ಕಟ್ಟಿದರೆ ಸಾಲದು, ಕೊಳವೆ ಗುಡಿಸಬೇಕು



ಮಳೆಗಾಲ ಹಿಡಿದರೆ ನಮ್ಮ ಕಾಸರಗೋಡಿನ ಕಡೆ ಎಷ್ಟೋ ಮನೆಗಳ ಅಡುಗೆ ಕೋಣೆಯಲ್ಲಿ ಒಂದೇ ನೋಟ. ಹಸಿ ಮಡಲು ಒಲೆಯಲ್ಲಿ ಚುಯ್ಯೆನ್ನುತ್ತಿರುತ್ತದೆ, ಊದುಗೊಳವೆ ಹಿಡಿದ ಅಮ್ಮನ ಕಣ್ಣಲ್ಲಿ ನೀರು, ಸೊಂಟದಲ್ಲಿ ಕೆಮ್ಮುವ ಮಗು. ಗ್ಯಾಸ್ ಬಂದ ಮನೆಗಳಲ್ಲಿಯೂ ಕುಚ್ಚಲಕ್ಕಿ ಅನ್ನಕ್ಕೆ, ಬಚ್ಚಲ ಹಂಡೆಗೆ, ದನದ ಮಡ್ಡಿಗೆ ಸೌದೆಯೇ ಬೇಕು. ತೋಟದಲ್ಲಿ ಬಿದ್ದ ಮಡಲು, ಕೊತ್ತಳಿಗೆ, ಗೆರಟೆ, ಅಡಿಕೆ ಸಿಪ್ಪೆ ಇರುವಾಗ ಸಿಲಿಂಡರಿಗೆ ಯಾಕೆ ದುಡ್ಡು ಎಂಬ ಲೆಕ್ಕಾಚಾರ ತಪ್ಪೇನೂ ಅಲ್ಲ. ಆದರೆ ಆ ಲೆಕ್ಕದಲ್ಲಿ ಹೊಗೆಯ ಬೆಲೆಯನ್ನು ನಾವು ಹಿಡಿಯುವುದಿಲ್ಲ.

ಹೊಗೆ ಏನು ಮಾಡುತ್ತದೆ?

ಮನೆಯೊಳಗಿನ ಒಲೆ ಹೊಗೆಯಿಂದ 2020ರಲ್ಲಿ ಲೋಕದಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ 2,37,000ಕ್ಕೂ ಹೆಚ್ಚು ಮಂದಿ ಐದು ವರ್ಷ ತುಂಬದ ಮಕ್ಕಳು. ಜೀವಮಾನದಲ್ಲಿ ಒಂದು ಬೀಡಿ ಮುಟ್ಟದ ಹೆಂಗಸಿಗೆ ಅರುವತ್ತರಲ್ಲಿ ಮೆಟ್ಟಿಲು ಹತ್ತಲಾಗದಂಥ ದಮ್ಮು ಬರುವುದಕ್ಕೆ ಒಲೆಯ ಹೊಗೆ ಒಂದು ಮುಖ್ಯ ಕಾರಣ. ಮಕ್ಕಳಿಗೆ ನ್ಯುಮೋನಿಯಾ, ದೊಡ್ಡವರಿಗೆ ಹೃದಯದ ಕಾಯಿಲೆ, ಕಣ್ಣಿನ ಪೊರೆ ಇವುಗಳಿಗೂ ಹೊಗೆಗೂ ಸಂಬಂಧವಿದೆ.

ಹೊಗೆ ಎಂದರೆ ಪೂರ್ತಿ ಉರಿಯದೆ ತಪ್ಪಿಸಿಕೊಂಡು ಹೋದ ಸೌದೆ. ಕಟ್ಟಿಗೆ ಕಾದಾಗ ಅದರಿಂದ ಒಂದು ಬಗೆಯ ಅನಿಲ ಹೊರಡುತ್ತದೆ. ಅದಕ್ಕೆ ಸಾಕಷ್ಟು ಗಾಳಿಯೂ ಬಿಸಿಯೂ ಸಿಕ್ಕಿದರೆ ಜ್ವಾಲೆ, ಸಿಗದಿದ್ದರೆ ಹೊಗೆ. ಮೂರು ಕಲ್ಲಿನ ಒಲೆಯಲ್ಲಿ ಬೆಂಕಿಯ ನೂರು ಪಾಲು ಬಿಸಿಯಲ್ಲಿ ಪಾತ್ರೆಗೆ ಸೇರುವುದು ಹತ್ತು ಹದಿನೈದು ಪಾಲು ಮಾತ್ರ. ಉಳಿದದ್ದು ಗೋಡೆಗೆ, ಗಾಳಿಗೆ, ನಮ್ಮ ಮುಖಕ್ಕೆ.

ಯಾವ ಒಲೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಹಳ್ಳಿಗಳಿಗಾಗಿ ‘ಅಸ್ತ್ರ’ ಎಂಬ ವಿಭಾಗ ಹುಟ್ಟಿತು. ಕರ್ನಾಟಕದಲ್ಲಿ ಹೆಸರಾದ ಅಸ್ತ್ರ ಒಲೆ ಅದರ ಕೊಡುಗೆ. ಉರಿಯ ಮೇಲೊಂದು, ಬಿಸಿ ಹೋಗುವ ದಾರಿಯಲ್ಲಿ ಎರಡು, ಹೀಗೆ ಮೂರು ಪಾತ್ರೆ ಒಟ್ಟಿಗೆ ಇಡಬಹುದು. ಸೌದೆ ಹಾಕುವ ಬಾಯಿಗೆ ಮುಚ್ಚಳ, ಕೆಳಗೆ ಬೂದಿ ಬೀಳುವ ಕಬ್ಬಿಣದ ಜಾಲರಿ, ಕೊನೆಗೆ ಹೊಗೆ ಕೊಳವೆ. ನಮ್ಮ ಕೇರಳದಲ್ಲಿ ಶಾಸ್ತ್ರ ಸಾಹಿತ್ಯ ಪರಿಷತ್ತು 1980ರ ದಶಕದಲ್ಲಿ ಮನೆಮನೆಗೆ ಕೊಂಡೊಯ್ದ ‘ಪರಿಷತ್ ಅಡುಪ್ಪು’ ಕೂಡ ಇದೇ ಜಾತಿಯದು.

ಒಲೆ ಆರಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ.

1. ದಿನಾ ಎಷ್ಟು ಮಂದಿಗೆ ಅಡುಗೆ? ನಾಲ್ಕೈದು ಮಂದಿಗೆ ಎರಡು ಪಾತ್ರೆಯ ಒಲೆ ಧಾರಾಳ. ಮೂರನೆಯದು ಖಾಲಿ ಬಿಟ್ಟರೆ ಆ ತೂತಿನಿಂದಲೇ ಹೊಗೆ ಬರುತ್ತದೆ.

2. ನಿಮ್ಮ ಪಾತ್ರೆಗಳ ಅಳತೆ ಏನು? ಪಾತ್ರೆ ತೂತಿಗೆ ಸರಿಯಾಗಿ ಕೂರಬೇಕು. ಒಲೆ ಕಟ್ಟುವವರು ಬಂದಾಗ ಅನ್ನದ ಪಾತ್ರೆ, ಸಾರಿನ ಪಾತ್ರೆ ಎರಡನ್ನೂ ಅವರ ಮುಂದೆ ತಂದಿಡಿ.

3. ಉರಿಸುವುದು ಏನನ್ನು? ಗಟ್ಟಿ ಸೌದೆಗೆ ಸಣ್ಣ ಬಾಯಿ ಸಾಕು. ಮಡಲು, ಕೊತ್ತಳಿಗೆಗೆ ಸ್ವಲ್ಪ ಅಗಲ ಬೇಕು.

ಒಂದು ಸತ್ಯವನ್ನು ಮುಚ್ಚಿಡಬಾರದು. ಎಷ್ಟೇ ಒಳ್ಳೆಯ ಸೌದೆ ಒಲೆಯೂ ಗ್ಯಾಸಿನಷ್ಟು ಶುದ್ಧವಲ್ಲ. ಎಳೆ ಮಗು, ಬಸುರಿ, ದಮ್ಮಿನವರು ಇರುವ ಮನೆಯಲ್ಲಿ ಚಾ, ಹಾಲು, ಪಲ್ಯ, ಸಾರು ಗ್ಯಾಸಿನ ಮೇಲಾಗಲಿ. ಅನ್ನ, ಬಿಸಿನೀರು ಸೌದೆಯಲ್ಲಾಗಲಿ. ಬಡ ಕುಟುಂಬಗಳಿಗೆ ಗ್ಯಾಸ್ ಸಂಪರ್ಕ ಕೊಡಲು 2016ರಲ್ಲಿ ಉಜ್ವಲಾ ಯೋಜನೆ ಬಂದದ್ದು ಇದಕ್ಕಾಗಿಯೇ.

ಕಟ್ಟುವಾಗ

ಒಲೆಯನ್ನು ಹೊರಗೋಡೆಗೆ ತಾಗಿ, ಕಿಟಿಕಿಯ ಹತ್ತಿರ ಕಟ್ಟಬೇಕು. ಬಾಗಿಲ ಗಾಳಿ ನೇರ ಒಲೆಯ ಬಾಯಿಗೆ ಹೊಡೆಯಬಾರದು. ಕೊಳವೆಯ ಒಳ ಅಗಲ 4 ಅಂಗುಲ ಇರಲಿ. ಆದಷ್ಟು ನೆಟ್ಟಗೆ ಹೋಗಲಿ, ತಿರುವು ಹೆಚ್ಚಾದಷ್ಟೂ ಮಸಿ ಕಟ್ಟುತ್ತದೆ. ಮಾಡಿನಿಂದ ಮೇಲೆ ಕನಿಷ್ಠ ಎರಡು ಅಡಿ ಎದ್ದಿರಬೇಕು, ತುದಿಗೆ ಮಳೆ ತಡೆಯುವ ಟೊಪ್ಪಿ ಇರಬೇಕು. ಪಕ್ಕಾಸು, ರೀಪು, ಸೋಗೆ ಕೊಳವೆಗೆ ತಾಗಲೇಬಾರದು. ನಡುವೆ ಅಂತರ ಬಿಟ್ಟು ತಗಡು ಹೊದಿಸಿ. ಕೊಳವೆಯ ಬುಡದಲ್ಲಿ ಮಸಿ ತೆಗೆಯಲು ಮುಚ್ಚಳವಿರುವ ಒಂದು ಕಿಂಡಿಯನ್ನು ಮರೆಯದೆ ಇಡಿಸಿ. ಈ ಕಿಂಡಿ ಇಲ್ಲದ ಒಲೆಗೆ ಆಯುಷ್ಯ ಕಡಿಮೆ.

ಹಳೆಯ ಕೊಳವೆ ಆಸ್ಬೆಸ್ಟಾಸ್ ಸಿಮೆಂಟಿನದಾಗಿದ್ದರೆ ಅದನ್ನು ಗರಗಸದಲ್ಲಿ ಕೊಯ್ಯಬೇಡಿ, ಒಡೆಯಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ವಿಷ.

ಮಣ್ಣಿನ ಒಲೆ ಕಟ್ಟಿದ ಮೇಲೆ ಹತ್ತು ಹದಿನೈದು ದಿನ ನೆರಳಲ್ಲಿ ಒಣಗಲಿ. ಮೊದಲ ಕೆಲವು ದಿನ ಸಣ್ಣ ಉರಿ ಮಾತ್ರ. ಅವಸರ ಮಾಡಿದರೆ ಬಿರುಕು ಬಿಡುತ್ತದೆ, ಬಿರುಕಿನಿಂದ ಹೊಗೆ ಹೊರಡುತ್ತದೆ.

ಕಟ್ಟಿದ ಮೇಲೆ

ನಿಜವಾದ ಕೆಲಸ ಇಲ್ಲಿಂದ ಶುರು. ಕೇಂದ್ರ ಸರಕಾರದ ಸುಧಾರಿತ ಒಲೆ ಕಾರ್ಯಕ್ರಮ 1980ರ ದಶಕದಲ್ಲಿ ಆರಂಭವಾಗಿ 2002ರಲ್ಲಿ ನಿಂತಿತು. ಕೋಟಿಗಟ್ಟಲೆ ಒಲೆಗಳು ಆದವು, ಬಹಳಷ್ಟು ಮೂಲೆಗೂ ಸೇರಿದವು. ಯಾಕೆ? ಒಡಿಶಾದ 44 ಹಳ್ಳಿಗಳ ಎರಡೂವರೆ ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಸಂಶೋಧಕರು ಕೆಲವು ವರ್ಷ ನೋಡಿ 2012ರಲ್ಲಿ ವರದಿ ಕೊಟ್ಟರು. ಹೊಸ ಒಲೆ ಬಂದ ಮೊದಲ ವರ್ಷ ಹೆಂಗಸರು ಸೇದುವ ಹೊಗೆ ಕಡಿಮೆಯಾಯಿತು. ಆಮೇಲೆ ಲಾಭವೆಲ್ಲ ಕರಗಿಹೋಯಿತು. ಒಲೆಯನ್ನು ಜನ ಸರಿಯಾಗಿ ಬಳಸಲಿಲ್ಲ, ರಿಪೇರಿಯನ್ನೂ ಮಾಡಲಿಲ್ಲ.

ನಮ್ಮ ಮನೆಯ ಕಥೆಯೂ ಬೇರೆಯಲ್ಲ. ಹೊಗೆಯಿಲ್ಲದ ಒಲೆ ಕಟ್ಟಿಸಿದ ವರ್ಷ ಅಡುಗೆ ಕೋಣೆಗೆ ಸುಣ್ಣ ಬಳಿದು ನೆಂಟರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಎರಡನೆಯ ಮಳೆಗಾಲಕ್ಕೆ ಹೊಗೆ ಹಿಂದಕ್ಕೆ ನುಗ್ಗಿತು. ‘ಈ ಒಲೆಯೇ ಸರಿಯಿಲ್ಲ’ ಎಂದು ಒಡೆಯಲು ಹೊರಟಾಗ ಅತ್ತೆಯವರು, ‘ಮೊದಲು ಕೊಳವೆ ನೋಡು ಮಗಾ’ ಎಂದರು. ಅರ್ಧ ಬುಟ್ಟಿ ಮಸಿ ಬಿತ್ತು. ಒಲೆ ಮರುದಿನವೇ ಸರಿಯಾಯಿತು. ತಪ್ಪು ಒಲೆಯದ್ದಲ್ಲ, ನಮ್ಮದು.

ಹೀಗೆ ಮಾಡಿ:

ದಿನಾ: ಬೆಳಿಗ್ಗೆ ಉರಿ ಹಾಕುವ ಮೊದಲು ಜಾಲರಿಯ ಕೆಳಗಿನ ಬೂದಿ ತೆಗೆಯಿರಿ. ಬೂದಿ ತುಂಬಿದರೆ ಗಾಳಿ ಬರುವ ದಾರಿ ಮುಚ್ಚುತ್ತದೆ.

ವಾರಕ್ಕೊಮ್ಮೆ: ಶನಿವಾರ ಒಲೆ ತಣ್ಣಗಾದ ಮೇಲೆ ಪಾತ್ರೆಗಳ ಕೆಳಗಿನ ದಾರಿಯ ಮಸಿ ಕೆರೆಯಿರಿ. ಬಿರುಕಿದ್ದರೆ ಮಣ್ಣು, ಸೆಗಣಿ ಕಲಸಿ ಮೆತ್ತಿ.

ತಿಂಗಳಿಗೊಮ್ಮೆ: ಹಗ್ಗದ ತುದಿಗೆ ಕಲ್ಲು, ಅದರ ಮೇಲೆ ತೆಂಗಿನ ನಾರಿನ ಉಂಡೆ ಕಟ್ಟಿ ಕೊಳವೆಯೊಳಗೆ ಮೇಲಿನಿಂದ ಇಳಿಸಿ ಎಳೆಯಿರಿ. ಪಾತ್ರೆಯ ತೂತುಗಳನ್ನು ಒದ್ದೆ ಗೋಣಿಯಿಂದ ಮುಚ್ಚಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಮಳೆಯಲ್ಲಿ ಮಾಡು ಜಾರುತ್ತದೆ. ಆಗ ಮೇಲೆ ಹತ್ತದೆ ಕೆಳಗಿನ ಕಿಂಡಿಯಿಂದ ಉದ್ದದ ಬ್ರಷ್ಷಿನಲ್ಲಿ ಗುಡಿಸಿದರೆ ಸಾಕು. ಈ ಕೆಲಸ ಗಂಡಸರದ್ದು ಎಂದು ಮನೆಯಲ್ಲಿ ತೀರ್ಮಾನವಾಗಲಿ. ಹೊಗೆ ತಿನ್ನುವವರೇ ಮಾಡೂ ಹತ್ತಬೇಕೆಂದರೆ ನ್ಯಾಯವಲ್ಲ.

ವರ್ಷಕ್ಕೆ ಎರಡು ಸಲ: ಮಳೆ ಹಿಡಿಯುವ ಮೊದಲು ಒಮ್ಮೆ, ಕ್ರಿಸ್ಮಸ್ ಕುಸ್ವಾರಿನ ಎಣ್ಣೆ ಕಾಯಿಸುವ ಮೊದಲು ಇನ್ನೊಮ್ಮೆ ಕೊಳವೆ, ಟೊಪ್ಪಿ, ಜಾಲರಿ ಎಲ್ಲವನ್ನೂ ಪರೀಕ್ಷಿಸಿ. ಕೊಳವೆಯಲ್ಲಿ ಕಟ್ಟಿದ ಮಸಿಗೆ ದೊಡ್ಡ ಉರಿಯ ದಿನ ಬೆಂಕಿ ಹತ್ತುವುದುಂಟು.

ಸೌದೆ ಮತ್ತು ಬೂದಿ

ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಆ ನೀರು ಆವಿಯಾಗುವವರೆಗೆ ನಿಮ್ಮ ಅನ್ನ ಬೇಯುವುದಿಲ್ಲ. ಫೆಬ್ರವರಿ, ಮಾರ್ಚಿನಲ್ಲೇ ಮಣಿಕಟ್ಟಿನ ದಪ್ಪಕ್ಕೆ ಸೀಳಿ ಒಣಗಿಸಿ, ನೆಲ ತಾಗದಂತೆ ಕೊಟ್ಟಿಗೆಯಲ್ಲಿ ಅಟ್ಟಿ ಇಡಿ. ಉರಿ ಹಿಡಿಸಲು ಹಾಲಿನ ತೊಟ್ಟೆ, ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಒಣ ಸೋಗೆ, ಗೆರಟೆ ಸಾಕು. ಗೇರುಬೀಜದ ಸಿಪ್ಪೆಯನ್ನೂ ಅಡುಗೆ ಒಲೆಗೆ ಹಾಕಬೇಡಿ, ಅದರ ಎಣ್ಣೆಯ ಹೊಗೆ ಕಣ್ಣು, ಗಂಟಲು ಸುಡುತ್ತದೆ.

ಕುಚ್ಚಲಕ್ಕಿಗೆ ಸೌದೆ ಉಳಿಸುವ ಒಂದು ಉಪಾಯವಿದೆ. ಅನ್ನ ಚೆನ್ನಾಗಿ ಕುದಿ ಬಂದ ಮೇಲೆ ಪಾತ್ರೆಯನ್ನು ಮುಚ್ಚಿ ಬೈಹುಲ್ಲು ಅಥವಾ ಥರ್ಮಾಕೋಲ್ ತುಂಬಿದ ಪೆಟ್ಟಿಗೆಯಲ್ಲಿಡಿ. ಒಳಗಿನ ಬಿಸಿಯಲ್ಲೇ ಅನ್ನ ಬೇಯುತ್ತದೆ. ಪರಿಷತ್ತಿನವರು ‘ಚೂಡಾರಾಪೆಟ್ಟಿ’ ಎಂದು ಇದನ್ನೂ ಕೇರಳದಲ್ಲಿ ಬಳಕೆಗೆ ತಂದರು.

‘ಹೊಗೆ ಹೊರಗೆ ಹೋದರೆ ಅಟ್ಟದ ತೆಂಗಿನಕಾಯಿ ಕೊಬ್ಬರಿಯಾಗುವುದು ಹೇಗೆ?’ ಎಂದು ಹಿರಿಯರು ಕೇಳುತ್ತಾರೆ. ಪ್ರಶ್ನೆ ಸರಿಯೇ. ಅದಕ್ಕೆ ಅಂಗಳದ ಬದಿಯಲ್ಲಿ ಬೇರೆ ಒಲೆ, ಬೇರೆ ಅಟ್ಟ ಮಾಡಿಕೊಳ್ಳೋಣ. ಕೊಬ್ಬರಿಗಾಗಿ ಸೊಸೆಯನ್ನು ಹೊಗೆಯಲ್ಲಿ ಒಣಗಿಸುವುದು ಬೇಡ.

ಒಲೆಯ ಬೂದಿ ಎಸೆಯಬೇಡಿ. ಅದರಲ್ಲಿ ಪೊಟ್ಯಾಷೂ ಸುಣ್ಣದ ಅಂಶವೂ ಇದೆ. ನಮ್ಮ ಹುಳಿ ಮಣ್ಣಿಗೆ, ತೆಂಗಿನ ಬುಡಕ್ಕೆ ಹಿತ. ಆದರೆ ಯೂರಿಯಾ ಜೊತೆಗೋ ಹಸಿ ಗೊಬ್ಬರದ ಜೊತೆಗೋ ಬೆರೆಸಬೇಡಿ; ಬೆರೆಸಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಪ್ಲಾಸ್ಟಿಕ್ ಸುಟ್ಟ ಬೂದಿಯನ್ನು ತೋಟಕ್ಕೆ ಹಾಕಲೇಬಾರದು.

ಕೊನೆಗೆ ಒಂದು ಎಚ್ಚರಿಕೆ. ಕೆಂಡಕ್ಕೆ ಹೊಗೆ ಇಲ್ಲವೆಂದು ಅಪಾಯವಿಲ್ಲ ಎಂದುಕೊಳ್ಳಬೇಡಿ. ಕೆಂಡದಿಂದ ಹೊರಡುವ ಇಂಗಾಲದ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೇ ಹೋಗಬಹುದು. ಬಾಣಂತಿ ಕೋಣೆಯಲ್ಲಿ, ಬಾಗಿಲು ಹಾಕಿದ ಬಚ್ಚಲಲ್ಲಿ ಕೆಂಡ ಇಟ್ಟುಕೊಳ್ಳಬೇಡಿ.

ಈ ಶನಿವಾರ ನಿಮ್ಮ ಮನೆಯ ಕೊಳವೆಯ ಕಿಂಡಿ ತೆರೆದು ನೋಡಿ. ಎಷ್ಟು ಮಸಿ ಬೀಳುತ್ತದೋ ಅಷ್ಟು ಹೊಗೆಯ ದಾರಿ ಕಟ್ಟಿತ್ತೆಂದು ಲೆಕ್ಕ. ದಾರಿ ಕಟ್ಟಿದ ಹೊಗೆ ಅಡುಗೆ ಮಾಡುವವರ ಎದೆಗೇ ಹೋಗುತ್ತದೆ.